ಹೆಂಪ್ ಸೋಪು ಮನೆಯಲ್ಲೇ: ತಣ್ಣನೆ ಕಲಸುವುದೋ, ಬೇಯಿಸುವುದೋ, ಕರಗಿಸಿ ಹೊಯ್ಯುವುದೋ?

ಹೆಂಪ್ ಎಂದರೆ ಗಾಂಜಾ ಗಿಡದ ಜಾತಿಯದೇ, ಅಮಲು ಕಡಿಮೆ ಇರುವ ಬಗೆ; ಸಿಬಿಡಿ (ಕ್ಯಾನಬಿಡಿಯಾಲ್) ಆ ಗಿಡದಲ್ಲಿರುವ, ಅಮಲೇರಿಸದ ಒಂದು ಪದಾರ್ಥ. ಹೆಂಪ್ ಬೀಜದ ಎಣ್ಣೆ ಬೇರೆ, ಸಿಬಿಡಿ ಎಣ್ಣೆ ಬೇರೆ. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಆನ್‌ಲೈನ್ ಅಂಗಡಿಗಳಲ್ಲಿ ಎರಡಕ್ಕೂ ಅದೇ ಏಳೆಸಳಿನ ಹಸಿರು ಎಲೆಯ ಚಿತ್ರ ಅಂಟಿಸಿರುತ್ತಾರೆ. ಬೀಜದ ಎಣ್ಣೆ ಕುಸುಬೆ ಎಣ್ಣೆಯಂತೆ ಹಿಂಡಿ ತೆಗೆದದ್ದು, ಅದರಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಸಿಬಿಡಿ ಇರುವುದು ಹೂವು ಮತ್ತು ಎಲೆಯ ಸಾರದಲ್ಲಿ, ಸಣ್ಣ ಶೀಸೆಗೇ ಸಾವಿರಗಟ್ಟಲೆ ರೂಪಾಯಿ. ‘ಸಿಬಿಡಿ ಸೋಪು’ ಎಂದು ಹೊರಡುವವರಲ್ಲಿ ಅರ್ಧ ಜನಕ್ಕೆ ನಿಜವಾಗಿ ಬೇಕಾಗಿರುವುದು ಹೆಂಪ್ ಬೀಜದ ಎಣ್ಣೆಯ ಸೋಪು ಅಂತ ನನ್ನ ಅನಿಸಿಕೆ.

ನಮ್ಮ ಅತ್ತಿಗೆ ಅಚ್ಚಿನೊಳಗಿನ ಹಸಿರು ಸೋಪು ಕಂಡು ಕೇಳಿದ್ದು ಇಷ್ಟೇ: “ಎಂತದೇ ಇದು ಮಾರಾಯ್ತಿ, ಭಂಗಿ ಸೋಪಾ? ಪೊಲೀಸ್ರು ಬಂದ್ರೆ ಏನ್ ಮಾಡ್ತೀಯೇ?” ಪ್ರಶ್ನೆ ನ್ಯಾಯದ್ದೇ. 1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತು ತಡೆ ಕಾನೂನು) ಪ್ರಕಾರ ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದ ಬೀಜ, ಎಲೆ ಆ ವ್ಯಾಖ್ಯೆಯಿಂದ ಹೊರಗೆ. 2021ರಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಹೆಂಪ್ ಬೀಜವನ್ನೂ ಅದರ ಎಣ್ಣೆಯನ್ನೂ ಆಹಾರ ಪದಾರ್ಥವಾಗಿ ಒಪ್ಪಿಕೊಂಡಿತು. ಹಾಗಾಗಿ ಬೀಜದ ಎಣ್ಣೆ ತರಿಸಲು ಹೆದರಬೇಕಿಲ್ಲ. ಸಿಬಿಡಿ ಸಾರ ಆಯುಷ್ ಪರವಾನಗಿಯಡಿ ‘ವಿಜಯಾ’ ಎಂಬ ಹೆಸರಿನಲ್ಲಿ ಔಷಧಿಯಾಗಿ ಸಿಗುತ್ತದೆ. ಲ್ಯಾಬ್ ವರದಿ ಕೊಡದವರ ಹತ್ತಿರ ಕೊಳ್ಳಬೇಡಿ. ಹಿತ್ತಲಲ್ಲಿ ಗಿಡ ಬೆಳೆಸಿ ಸಾರ ತೆಗೆಯುವ ಯೋಚನೆಯಂತೂ ಬೇಡವೇ ಬೇಡ, ಅದು ಅಪರಾಧ.

ಈಗ ವಿಧಾನಗಳಿಗೆ ಬರೋಣ. ಮೂರನ್ನೂ ನಮ್ಮ ಮನೆಯಲ್ಲೇ ಮಾಡಿ, ಮನೆಮಂದಿಯ ಮೈಮೇಲೇ ಪರೀಕ್ಷಿಸಿದ್ದೇನೆ. ಮೊದಲಿನ ಎರಡಕ್ಕೂ ಎಣ್ಣೆಯ ಲೆಕ್ಕ ಒಂದೇ: ಕೊಬ್ಬರಿ ಎಣ್ಣೆ 200 ಗ್ರಾಂ, ತೌಡಿನ ಎಣ್ಣೆ 200, ಹೆಂಪ್ ಬೀಜದ ಎಣ್ಣೆ 75, ಹರಳೆಣ್ಣೆ 25. ಇದಕ್ಕೆ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್, ಅಡುಗೆ ಸೋಡಾ ಅಲ್ಲ) 73 ಗ್ರಾಂ, ನೀರು 146 ಗ್ರಾಂ. ಎಣ್ಣೆಯಲ್ಲಿ ನೂರಕ್ಕೆ ಸುಮಾರು ಐದು ಪಾಲು ಸೋಪಾಗದೆ ಉಳಿಯುವಂತೆ ಸೋಡಾ ಕಡಿಮೆ ಹಾಕಿದ ಲೆಕ್ಕ ಇದು. ಎಣ್ಣೆ ಬದಲಾಯಿಸಿದರೆ ಸೋಡಾದ ತೂಕವೂ ಬದಲಾಗುತ್ತದೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಗ್ರಾಂ ಸೋಡಾ ಬೇಕಾದರೆ ಹೆಂಪ್ ಎಣ್ಣೆಗೆ ಸುಮಾರು 0.137 ಸಾಕು. ಅಂದಾಜಿನಲ್ಲಿ, ಲೋಟದ ಅಳತೆಯಲ್ಲಿ ಮಾಡುವ ಕೆಲಸವಲ್ಲ, ಗ್ರಾಂ ತೋರಿಸುವ ತೂಕದ ಯಂತ್ರ ಇರಲೇಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಯಾವಾಗಲೂ ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾದ ಮೇಲೆ ಹೊಯ್ದರೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಹತ್ತಿರವೂ ತರಬೇಡಿ, ಸೋಡಾ ಅದನ್ನು ತಿಂದು ಹೈಡ್ರೋಜನ್ ಅನಿಲ ಎಬ್ಬಿಸುತ್ತದೆ. ಸ್ಟೀಲ್ ಪಾತ್ರೆಯೇ ಸರಿ. ಚರಂಡಿ ಕ್ಲೀನರ್ ಪುಡಿಯಲ್ಲಿ ಬೇರೆ ಏನೇನೋ ಬೆರೆಸಿರುತ್ತಾರೆ, ಅದು ಸೋಪಿಗೆ ಆಗದು.

ತಣ್ಣನೆ ವಿಧಾನ ಹೆಸರಿಗೆ ತಣ್ಣನೆ. ಸೋಡಾ ನೀರಿಗೆ ಬಿದ್ದ ಕೂಡಲೇ ಪಾತ್ರೆ ಮುಟ್ಟಲಾರದಷ್ಟು ಬಿಸಿಯಾಗುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಕಿಟಕಿ ತೆಗೆದಿಟ್ಟು ಅದು ಆರುವವರೆಗೆ ಕಾಯಬೇಕು. ಎಣ್ಣೆಯೂ ಸೋಡಾ ನೀರೂ 40 ಡಿಗ್ರಿಯ ಆಸುಪಾಸಿಗೆ ಇಳಿದಾಗ ಎರಡನ್ನೂ ಕೂಡಿಸಿ ಹ್ಯಾಂಡ್ ಬ್ಲೆಂಡರ್ ಆಡಿಸಿದರೆ ಕೆಲವೇ ನಿಮಿಷದಲ್ಲಿ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಸೌಟಿನಿಂದ ಸುರಿದ ಗೆರೆ ಮೇಲೆ ಒಂದು ಕ್ಷಣ ಹಾಗೇ ನಿಂತರೆ ಹದ ಬಂತು, ಅಚ್ಚಿಗೆ ಹೊಯ್ಯಿರಿ. ಮಾರನೆಯ ದಿನ ಬಿಚ್ಚಿ ಕತ್ತರಿಸಿ, ಆಮೇಲೆ ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಒಣಗಿಸಬೇಕು.

ಈ ಒಣಗಿಸುವಿಕೆಯಲ್ಲೇ ಮಲೆನಾಡಿನವರ ಪಾಡು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆಯಲ್ಲಿ ಸೋಪಿನ ಮೈಮೇಲೆ ಹನಿ ಕೂರುತ್ತದೆ, ಏಕೆಂದರೆ ಸೋಪಿನಲ್ಲೇ ಉಳಿದ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಟ್ಟರೆ ಒಣಗುವುದೇನೋ ಬೇಗ, ಆದರೆ ಹೊಗೆವಾಸನೆ ಹತ್ತಿ ಹೆಂಪ್ ಎಣ್ಣೆಯ ಸೌಮ್ಯ ಪರಿಮಳ ಎಲ್ಲ ಹೋಗಿಬಿಡುತ್ತದೆ. ನನ್ನ ಮಟ್ಟಿಗೆ ಇದು ದೀಪಾವಳಿ ಕಳೆದ ಮೇಲಿನ ಕೆಲಸ.

ಆದರೆ ಸೋಪು ಅಂದರೆ ಇದೇ. ಕೈಯಲ್ಲಿ ಹಿಡಿದರೆ ಗಟ್ಟಿ, ನೊರೆ ಸಣ್ಣಗೆ ದಟ್ಟವಾಗಿ ಬರುತ್ತದೆ, ಸ್ನಾನದ ಮೇಲೆ ಚರ್ಮ ಬಿಗಿಯುವುದಿಲ್ಲ. ಬಣ್ಣ ಮೊದಲು ಹಸಿರು, ತಿಂಗಳು ಕಳೆಯುವಷ್ಟರಲ್ಲಿ ಹಳದಿ ಮಿಶ್ರಿತ ಕೆನೆಬಣ್ಣ. ಹಸಿರು ಉಳಿಯಲಿ ಎಂದು ಹೆಂಪ್ ಎಣ್ಣೆಯನ್ನು ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದು ಬೇಡ. ಈ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೊಲಿಯಿಕ್ ಆಮ್ಲ, ಅದರ ಜೊತೆಗೆ ಆಲ್ಫಾ ಲಿನೊಲೆನಿಕ್ ಬೇರೆ. ಎರಡೂ ಗಾಳಿ ತಾಗಿದರೆ ಬೇಗ ಕೆಡುವ ಜಾತಿ. ಪ್ರಮಾಣ ಮೀರಿದರೆ ಸೋಪಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಮೂಡಿ, ಕಮಟು ವಾಸನೆ ಶುರುವಾಗುತ್ತದೆ. ಒಟ್ಟು ಎಣ್ಣೆಯಲ್ಲಿ ನೂರಕ್ಕೆ ಹದಿನೈದು ನನ್ನ ಮಿತಿ. ಎಣ್ಣೆಯ ಶೀಸೆ ಫ್ರಿಜ್‌ನಲ್ಲೇ ಇರಬೇಕು.

ಬೇಯಿಸುವ ವಿಧಾನದಲ್ಲಿ ಅದೇ ಹಿಟ್ಟನ್ನು ಅಚ್ಚಿಗೆ ಹೊಯ್ಯದೆ, ದೊಡ್ಡ ಪಾತ್ರೆಯ ಕುದಿನೀರಿನೊಳಗೆ ಸ್ಟೀಲ್ ಬೋಗುಣಿ ಇಟ್ಟು ಒಂದು, ಒಂದೂವರೆ ಗಂಟೆ ಬೇಯಿಸುವುದು. ಅಂಚಿನಿಂದ ಉಬ್ಬಿ ಒಳಕ್ಕೆ ಮಗುಚುತ್ತದೆ, ನಡುವೆ ಒಡೆದಂತೆ ಕಾಣುತ್ತದೆ, ಕೊನೆಗೆ ಅಂಟಂಟಾಗಿ ಅರೆಪಾರದರ್ಶಕವಾಗುತ್ತದೆ. ಬೆಂದದ್ದು ಗೊತ್ತಾಗಲು ಒಂದು ಚೂರಿನ ಮೇಲೆ ಫಿನಾಲ್ಫ್ಥಲಿನ್ (ಕ್ಷಾರ ತಾಗಿದರೆ ಗುಲಾಬಿಯಾಗುವ ಪರೀಕ್ಷಾ ದ್ರಾವಣ) ಹನಿ ಬಿಡಿ. ಗಾಢ ಗುಲಾಬಿಯಾದರೆ ಸೋಡಾ ಇನ್ನೂ ಉಳಿದಿದೆ. ನಾಲಿಗೆಯಿಂದ ಮುಟ್ಟಿ ನೋಡುವ ಹಳೆಯ ಪದ್ಧತಿ ನನಗೆ ಒಗ್ಗದು.

ಇದರ ಲಾಭ ಒಂದೇ, ಆದರೆ ದೊಡ್ಡದು. ಸೋಡಾ ತನ್ನ ಕೆಲಸ ಮುಗಿಸಿದ ಮೇಲೆ ನಮಗೆ ಬೇಕಾದ ಎಣ್ಣೆ ಸೇರಿಸಬಹುದು. ತಣ್ಣನೆ ವಿಧಾನದಲ್ಲಿ ಸೋಪಾಗದೆ ಉಳಿಯುವ ಐದು ಪಾಲು ಯಾವ ಎಣ್ಣೆಯದ್ದು ಎಂದು ನಾವು ನಿರ್ಧರಿಸಲಾಗದು, ಸೋಡಾ ಕೈಗೆ ಸಿಕ್ಕಿದ್ದನ್ನು ತಿನ್ನುತ್ತದೆ. ಇಲ್ಲಿ ಹೆಂಪ್ ಎಣ್ಣೆಯಲ್ಲಿ ಒಂದಿಷ್ಟನ್ನು ಕಡೆಗೆ ಇಟ್ಟುಕೊಂಡು, ಬೆಂದ ಮುದ್ದೆ ಸ್ವಲ್ಪ ಆರಿದಾಗ ಕಲಸಬಹುದು. ಒಂದೆರಡು ವಾರದಲ್ಲಿ ಬಳಸಲೂಬಹುದು, ಮಳೆಗಾಲಕ್ಕೆ ಇದೇ ಅನುಕೂಲ. ಅಂದ ಮಾತ್ರ ಕೇಳಬೇಡಿ. ಮುದ್ದೆಯನ್ನು ಅಚ್ಚಿಗೆ ಒತ್ತಿ ತುಂಬಬೇಕು, ಕತ್ತರಿಸಿದ ಮೇಲೆ ಒಳಗೆ ತೂತು, ಮೇಲೆ ತರಿ. ಮನೆಯಲ್ಲಿ ಬಳಸಲು ಏನೂ ತೊಂದರೆ ಇಲ್ಲ, ಉಡುಗೊರೆ ಕೊಡಲು ಮನಸ್ಸು ಬರುವುದಿಲ್ಲ.

ಮೂರನೆಯದು ಕರಗಿಸಿ ಹೊಯ್ಯುವುದು. ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ ಬೇಸ್ (ಮೊದಲೇ ತಯಾರಾದ ಸೋಪಿನ ಗಟ್ಟಿ) ತಂದು, ಚೂರು ಮಾಡಿ, ಕರಗಿಸಿ, ಎಣ್ಣೆ ಸೇರಿಸಿ, ಅಚ್ಚಿಗೆ ಹಾಕುವುದು. ಸೋಡಾದ ಭಯವಿಲ್ಲ, ಮಕ್ಕಳೂ ಜೊತೆಗೆ ಕೂರಬಹುದು, ಸಂಜೆಗೆ ಸೋಪು ಸಿದ್ಧ. ಇದನ್ನು ಸೋಪು ‘ಮಾಡುವುದು’ ಅಂತ ಕರೆಯಲು ನನಗೆ ಸ್ವಲ್ಪ ಸಂಕೋಚವೇ. ಬೇಸ್‌ನ ಪಟ್ಟಿ ಓದಿ, ಕೆಲವದರಲ್ಲಿ ಶಾಂಪೂಗೆ ಹಾಕುವ ನೊರೆ ರಾಸಾಯನಿಕವೇ ಇರುತ್ತದೆ. ಎಣ್ಣೆಯನ್ನು ನೂರಕ್ಕೆ ಒಂದೆರಡು ಪಾಲು ದಾಟಿಸಿದರೆ ನೊರೆ ಸಾಯುತ್ತದೆ, ಮೇಲೆ ಜಿಡ್ಡು ಬರುತ್ತದೆ. ಹೆಂಪ್ ಬೀಜದ ಎಣ್ಣೆಯ ಗುಣ ನೋಡಬೇಕೆಂದರೆ ಈ ದಾರಿ ದಂಡ.

ಆದರೆ ಶೀಸೆಯಲ್ಲಿರುವುದು ನಿಜವಾದ ಸಿಬಿಡಿ ಆಗಿದ್ದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಸಿಬಿಡಿಗೂ ಕಾಸ್ಟಿಕ್‌ಗೂ ಆಗಿಬರುವುದಿಲ್ಲ. ಕ್ಷಾರ ಮತ್ತು ಗಾಳಿ ಎರಡೂ ಸಿಕ್ಕರೆ ಅದು ಉತ್ಕರ್ಷಣಗೊಂಡು ನೇರಳೆ ಬಣ್ಣದ ಬೇರೆ ಪದಾರ್ಥವಾಗುತ್ತದೆ. ಗಾಂಜಾ ಪತ್ತೆಗೆ ಹಿಂದೆ ಬಳಸುತ್ತಿದ್ದ ಬೀಮ್ ಪರೀಕ್ಷೆ ನಿಂತಿರುವುದೇ ಈ ಗುಣದ ಮೇಲೆ: ಆಲ್ಕೋಹಾಲ್‌ನಲ್ಲಿ ಕರಗಿಸಿದ ಕಾಸ್ಟಿಕ್ ಪೊಟ್ಯಾಷ್ (ಕಾಸ್ಟಿಕ್ ಸೋಡಾದಂಥದೇ ಕ್ಷಾರ) ಬೆರೆಸಿದಾಗ ನೇರಳೆ ಬಣ್ಣ ಬಂದರೆ ಅಲ್ಲಿ ಸಿಬಿಡಿ ಇದೆ ಎಂದರ್ಥ. ತಣ್ಣನೆ ವಿಧಾನದ ಹಿಟ್ಟಿಗೆ ದುಬಾರಿ ಸಿಬಿಡಿ ಸುರಿದು ಬ್ಲೆಂಡರ್‌ನಲ್ಲಿ ಗಾಳಿ ಸೇರಿಸುತ್ತಾ ಕಲಸುವುದೆಂದರೆ ಹೆಚ್ಚುಕಡಿಮೆ ಆ ಪರೀಕ್ಷೆಗೆ ಬೇಕಾದದ್ದನ್ನೆಲ್ಲ ನಾವೇ ಒದಗಿಸಿಕೊಟ್ಟಂತೆ. ಬೇಯಿಸಿದ ಸೋಪಿಗೆ ಕೊನೆಯಲ್ಲಿ ಸೇರಿಸಿದರೆ ಹಾನಿ ಕಡಿಮೆ, ಆದರೂ ಸೋಪಿನ ಪಿಎಚ್ 9ರಿಂದ 10ರ ನಡುವೆ, ಅಂದರೆ ಕ್ಷಾರದ ಕಡೆಗೇ, ಇದ್ದೇ ಇರುತ್ತದೆ. ಕರಗಿಸಿ ಹೊಯ್ಯುವಾಗ ಹಸಿ ಕಾಸ್ಟಿಕ್ ಇಲ್ಲ, ಕುದಿಸುವ ಕೆಲಸವೂ ಇಲ್ಲ. ಪುಡಿ ರೂಪದ ಸಿಬಿಡಿ ಸುಮಾರು 66 ಡಿಗ್ರಿಗೆ ಕರಗುತ್ತದೆ. ಅದನ್ನು ಬೆಚ್ಚಗಿನ ಕೊಬ್ಬರಿ ಎಣ್ಣೆಯಲ್ಲಿ ಮೊದಲೇ ಕರಗಿಸಿಟ್ಟುಕೊಂಡು, ಬೇಸ್ ಆರುತ್ತಾ ಬಂದಾಗ ಬೆರೆಸಿದರೆ ಆಯಿತು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ನೂರು ಗ್ರಾಂ ಸೋಪಿಗೆ ನೂರು ಮಿಲಿಗ್ರಾಂ ಸಿಬಿಡಿ ಹಾಕಿದಿರಿ ಅನ್ನಿ. ಸೋಪು ತಿಂಗಳು ಬಂದರೆ ಒಂದು ಸ್ನಾನದ ಪಾಲಿಗೆ ಬರುವುದು ಮೂರು ಮಿಲಿಗ್ರಾಂ ಚಿಲ್ಲರೆ, ಅದರಲ್ಲೂ ಬಹುಪಾಲು ಒಂದು ನಿಮಿಷದೊಳಗೆ ನೊರೆಯ ಜೊತೆ ಬಚ್ಚಲಿಗೆ. 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಸಿಬಿಡಿ ಚರ್ಮದ ಜಿಡ್ಡು ಗ್ರಂಥಿಯ ಜೀವಕೋಶಗಳ ಅತಿಯಾದ ಜಿಡ್ಡನ್ನು ತಗ್ಗಿಸಿದ್ದನ್ನು ತೋರಿಸಿತ್ತು; ಮೊಡವೆಗೆ ಸಿಬಿಡಿ ಎಂಬ ಜಾಹೀರಾತುಗಳ ಹಿಂದೆ ಹೆಚ್ಚಾಗಿ ಇದೇ ಇರುವುದು. ಆದರೆ ಆ ಪ್ರಯೋಗ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ನಡೆದದ್ದು, ತೊಳೆದುಹೋಗುವ ಸೋಪಿನ ಮೇಲಲ್ಲ.

ಅದಕ್ಕೇ ನಾನೀಗ ಎರಡನ್ನೂ ಬೇರೆ ಮಾಡಿದ್ದೇನೆ. ಸೋಪಿಗೆ ಹೆಂಪ್ ಬೀಜದ ಎಣ್ಣೆ, ತಣ್ಣನೆ ವಿಧಾನ. ಮಳೆಗಾಲದಲ್ಲಿ ದಾಸ್ತಾನು ಮುಗಿದರೆ ಮಾತ್ರ ಬೇಯಿಸುವುದು. ಸಿಬಿಡಿ ಹಾಕಲೇಬೇಕೆಂದರೆ ಸ್ನಾನವಾದ ಮೇಲೆ ಮೈಗೆ ಹಚ್ಚುವ ಕೊಬ್ಬರಿ ಎಣ್ಣೆಗೆ ಕೆಲವು ಹನಿ, ಅಲ್ಲಿ ಅದು ಗಂಟೆಗಟ್ಟಲೆ ಚರ್ಮದ ಮೇಲೇ ಇರುತ್ತದೆ, ಕ್ಷಾರದ ಕಾಟವೂ ಇಲ್ಲ. ಮೊದಲ ಸಲ ಮೊಣಕೈ ಒಳಭಾಗದಲ್ಲಿ ಹಚ್ಚಿ ಒಂದು ದಿನ ನೋಡಿ. ಸಿಬಿಡಿ ಸೋಪೇ ಬೇಕು ಎಂದು ಹಟ ಹಿಡಿಯುವ ಗೆಳತಿಯರಿಗೆ ಕರಗಿಸಿ ಹೊಯ್ದದ್ದನ್ನೇ ಕೊಡುತ್ತೇನೆ, ನೋಡಲೂ ಚೆಂದ.

ಮಾರುವ ಯೋಚನೆ ಇದ್ದರೆ ಮಾತ್ರ ಇಷ್ಟು ಸಲೀಸಲ್ಲ. ನಮ್ಮಲ್ಲಿ ಸೋಪು ಕಾಸ್ಮೆಟಿಕ್ ಲೆಕ್ಕಕ್ಕೆ ಬರುತ್ತದೆ, ಮಾರಾಟಕ್ಕಾಗಿ ತಯಾರಿಸಲು ಪರವಾನಗಿ ಬೇಕು. ಲೇಬಲ್ ಮೇಲೆ ‘ಮೊಡವೆ ಗುಣವಾಗುತ್ತದೆ’ ಎಂದು ಬರೆದರೆ ಅದು ಔಷಧಿಯ ಮಾತಾಗುತ್ತದೆ, ಅದರ ಕಾನೂನೇ ಬೇರೆ.