ನಮ್ಮ ದೋಣಿಯ ‘ತಾಂಡೇಲ’: ಗಾಳಿಚುಕ್ಕಾಣಿಯೊಂದಿಗೆ ನಾಲ್ಕು ವರ್ಷ

ಲಾಸ್ ಪಾಲ್ಮಾಸ್ ಬಂದರಿನ ತಡೆಗೋಡೆ ದಾಟಿ ಮೂರು ಗಂಟೆಯಾಗಿರಲಿಲ್ಲ, ಹೆಂಡತಿ ಬಕೆಟ್ ಅಪ್ಪಿಕೊಂಡು ಕುಳಿತಿದ್ದಳು. ಸ್ಪೇನ್‌ಗೆ ಸೇರಿದ ಈ ಗ್ರಾನ್ ಕನಾರಿಯಾ ದ್ವೀಪದ ಬೆಟ್ಟಗಳನ್ನು ಬಳಸಿ ಬರುವ ಗಾಳಿ ಅಂಚಿನಲ್ಲಿ ಇಕ್ಕಟ್ಟಿಗೆ ಸಿಕ್ಕಿ ರಭಸ ಪಡೆಯುತ್ತದೆ. 15 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇದ್ದದ್ದು ನೋಡನೋಡುತ್ತಲೇ 28ಕ್ಕೇರಿತು. ಮುಂದೆ ಅಟ್ಲಾಂಟಿಕ್ ಆಚೆಯ ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾವರೆಗೆ ಸುಮಾರು 2,700 ನಾವಿಕ ಮೈಲಿ ನೀರು. ದೋಣಿಯಲ್ಲಿ ನಾವಿಬ್ಬರೇ. ಚುಕ್ಕಾಣಿ ಹಿಡಿಯಬೇಕಾದ ಮೂರನೆಯವನು, ಅಂದರೆ ಹಿಂಬದಿಗೆ ಬೋಲ್ಟ್ ಹಾಕಿ ಕೂರಿಸಿದ, ಗಾಳಿ ನೋಡಿ ತಾನೇ ದೋಣಿಯ ದಾರಿ ಹಿಡಿಯುವ ಗಾಳಿಚುಕ್ಕಾಣಿ, ಕುಡಿದವನಂತೆ ದೋಣಿಯನ್ನು ಎಡಕ್ಕೂ ಬಲಕ್ಕೂ ಎಳೆದಾಡುತ್ತಿತ್ತು. ಆ ಕ್ಷಣ ವಿಮರ್ಶೆ ಬರೆದಿದ್ದರೆ ಒಂದು ನಕ್ಷತ್ರವನ್ನೂ ಕೊಡುತ್ತಿರಲಿಲ್ಲ.

ತಪ್ಪು ಅದರದ್ದಲ್ಲ, ನನ್ನದು. ದೊಡ್ಡ ಹಾಯಿಯನ್ನು ಪೂರ್ತಿ ಬಿಚ್ಚಿ, ಹೊರಡುವ ಹುಮ್ಮಸ್ಸಿನಲ್ಲಿ ಹಾಗೆಯೇ ಬಿಟ್ಟಿದ್ದೆ. ಅದನ್ನು ಎರಡು ಮಡಿಕೆ ಇಳಿಸಿ, ಚಿಕ್ಕದಾಗಿಸಿ ಕಟ್ಟಿದ ಮೇಲೆ ದೋಣಿ ಶಾಂತವಾಯಿತು, ಚುಕ್ಕಾಣಿಯ ಹಿಡಿಕೋಲು ಬೆರಳಿಗೆ ಹಗುರವಾಯಿತು. ಆಮೇಲೆ ಯಂತ್ರ ತನ್ನ ಕೆಲಸ ತಾನು ಮಾಡಿತು. ಕೈಯಿಂದಲೇ ಹಿಡಿದು ನಿಲ್ಲಿಸಲಾಗದ ದೋಣಿಯನ್ನು ಇದು ಹಿಡಿದು ನಿಲ್ಲಿಸೀತು ಎಂದು ಯಾರೂ ಆಸೆಪಡಬಾರದು.

ಕಂಡಿರದವರಿಗೆ ಎರಡು ಮಾತು. ಮೇಲೊಂದು ಪ್ಲೈವುಡ್ ಹಲಗೆ, ಕೆಳಗೆ ನೀರಿನಲ್ಲಿ ಇಳಿಬಿದ್ದ ಹುಟ್ಟು. ದೋಣಿ ದಾರಿ ತಪ್ಪಿದರೆ ಗಾಳಿ ಹಲಗೆಯ ಪಕ್ಕೆಗೆ ಬಡಿದು ಅದನ್ನು ಬಾಗಿಸುತ್ತದೆ. ಆ ಬಾಗು ಹುಟ್ಟನ್ನು ತುಸು ತಿರುಗಿಸುತ್ತದೆ. ಓಡುವ ನೀರು ಹುಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡು ಹಗ್ಗಗಳು ಆ ಬಲವನ್ನು ಹಿಡಿಕೋಲಿಗೆ ಮುಟ್ಟಿಸುತ್ತವೆ. ಗಾಳಿಯದು ಬರೀ ಸನ್ನೆ, ದುಡಿಮೆಯೆಲ್ಲ ನೀರಿನದು. ವಿದ್ಯುತ್ ಒಂದು ಹನಿಯೂ ಬೇಡ. 1960ರ ಮೊದಲ ಏಕಾಂಗಿ ಅಟ್ಲಾಂಟಿಕ್ ಪಂದ್ಯವನ್ನು 40 ದಿನಗಳಲ್ಲಿ ಗೆದ್ದ ಫ್ರಾನ್ಸಿಸ್ ಚಿಚೆಸ್ಟರ್ ತನ್ನ ಗಾಳಿಚುಕ್ಕಾಣಿಗೆ ‘ಮಿರಾಂಡಾ’ ಎಂದು ಹೆಸರಿಟ್ಟಿದ್ದ. ನಾನು ಕರಾವಳಿಯ ಗಂಗೊಳ್ಳಿಯವನು, ನಮ್ಮದಕ್ಕೆ ‘ತಾಂಡೇಲ’ (ಮೀನುಗಾರಿಕೆ ದೋಣಿ ನಡೆಸುವ ಮುಖ್ಯಸ್ಥ) ಅಲ್ಲದೆ ಬೇರೆ ಹೆಸರು ಹೊಳೆಯಲಿಲ್ಲ. 2022ರಲ್ಲಿ ಹೊರಟ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ನಮ್ಮ ಅಭಿಲಾಷ್ ಟಾಮಿ ಇಂಥದ್ದೇ ಸಾಧನ ನಂಬಿ ಜಗತ್ತು ಸುತ್ತಿ ಎರಡನೆಯವರಾದರು ಎಂಬುದು ನನಗಿದ್ದ ದೊಡ್ಡ ಧೈರ್ಯ.

ನಮ್ಮ 34 ಅಡಿ ದೋಣಿಗೆ ಇದನ್ನು ಹಳೆಯದಾಗಿಯೇ ಕೊಂಡೆ, 1,800 ಯೂರೋ ಕೊಟ್ಟು. ಇಲ್ಲಿಯವರೆಗೆ ಒಂಬತ್ತು ಸಾವಿರ ಮೈಲಿ ದಾಟಿದ್ದೇವೆ. ಅಟ್ಲಾಂಟಿಕ್‌ಗೆ ಹಿಡಿದದ್ದು 23 ದಿನ. ಅದರಲ್ಲಿ ನಾವು ಕೈಯಾರೆ ಚುಕ್ಕಾಣಿ ಹಿಡಿದದ್ದು ಎಲ್ಲ ಸೇರಿ ಆರೇಳು ಗಂಟೆ ಇದ್ದೀತು. ಮೂರು ಗಂಟೆಗೊಮ್ಮೆ ಕಾವಲು ಬದಲಾಯಿಸುವ ಇಬ್ಬರಿಗೆ ಇದರ ಅರ್ಥವೇನು ಎಂಬುದು ರಾತ್ರಿ ಎರಡಕ್ಕೆ ಚಹಾ ಕಾಸುವಾಗ ತಿಳಿಯುತ್ತದೆ. ಎರಡೂ ಕೈ ಬಿಡುವಾಗಿರುತ್ತವೆ.

ಇನ್ನು ದೂರುಗಳು. ಐದನೆಯ ದಿನ ಬೆಳಿಗ್ಗೆ ಹಗ್ಗಗಳನ್ನು ತಡವಿ ನೋಡಿದೆ. ಎಡಗಡೆಯ ರಾಟೆಯೊಳಗೆ ಹೊರ ಹೆಣಿಗೆ ಪೂರ್ತಿ ಸವೆದು, ಒಳಗಿನ ಬಿಳಿ ಎಳೆಗಳು ಹತ್ತಿಯ ಬತ್ತಿಯಂತೆ ಕೆದರಿದ್ದವು. ಇನ್ನೊಂದು ರಾತ್ರಿ ಕಳೆದಿದ್ದರೆ ಕಡಿದೇ ಹೋಗುತ್ತಿತ್ತು. ಅಂದಿನಿಂದ ದಿನವೂ ಒಂದು ಗೇಣು ಹಗ್ಗ ಸರಿಸಿ, ಸವೆಯುವ ಜಾಗ ಬದಲಾಯಿಸುತ್ತೇನೆ. ಹಿಂಗಾಳಿ ಹತ್ತು ನಾಟ್‌ಗಿಂತ ಇಳಿದರೆ ಹಲಗೆಗೆ ಸನ್ನೆಯೇ ಸಿಗದೆ ಅದು ತೂಕಡಿಸುತ್ತದೆ. ಆಗ ಬ್ಯಾಟರಿಯ ಪುಟ್ಟ ಸ್ವಯಂಚಾಲಕವನ್ನು ಹಲಗೆಯ ಜಾಗಕ್ಕೆ ಜೋಡಿಸಿ ಹೇಗೋ ಸಾಗಿಸಿದೆವು. ಕೊನೆಯ ವಾರದಲ್ಲಿ ಸರ್ಗಾಸಮ್ ಪಾಚಿ ಕಂದು ಚಾಪೆಗಳಂತೆ ತೇಲಿ ಬಂದು ಹುಟ್ಟಿಗೆ ಸುತ್ತಿಕೊಳ್ಳುತ್ತಿತ್ತು. ಗಂಟೆಗೊಮ್ಮೆ ಕೊಕ್ಕೆಕೋಲಿನಿಂದ ಬಿಡಿಸುವ ಕೆಲಸ ನನ್ನ ಪಾಲಿಗೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಇದು ಹಿಂಬಾಲಿಸುವುದು ಗಾಳಿಯನ್ನು, ದಿಕ್ಸೂಚಿಯನ್ನಲ್ಲ. ಒಂದು ಮಳೆಮೋಡ ದಾಟಿದ ಮೇಲೆ ಗಾಳಿ ದಿಕ್ಕು ಬದಲಿಸಿತ್ತು. ತಾಂಡೇಲ ನಿಷ್ಠೆಯಿಂದ ಅದರ ಬೆನ್ನು ಹತ್ತಿದ. ಕಾವಲಿನಲ್ಲಿದ್ದ ನಾನು ನಕ್ಷತ್ರ ನೋಡುತ್ತಾ ಮೈಮರೆತಿದ್ದೆ. ಹೆಂಡತಿ ಎದ್ದು ಬಂದು, “ಎಲ್ಲಿಗೆ ಹೊರಟಿದ್ದೀರಿ, ಬ್ರೆಜಿಲ್‌ಗಾ?” ಎಂದಳು. ದೋಣಿ 30 ಡಿಗ್ರಿ ದಕ್ಷಿಣಕ್ಕೆ ಜಾರಿತ್ತು. ಎದುರಿನ ಹಡಗನ್ನೂ ಇದು ಕಾಣುವುದಿಲ್ಲ, ಕಾವಲು ತಪ್ಪಿದ್ದಲ್ಲ.

ಬಿಡಿಭಾಗದ ಕಥೆ ಬೇರೆ. ಹುಟ್ಟಿಗೆ ಏನಾದರೂ ಬಡಿದರೆ ಮೊದಲು ಮುರಿಯಲೆಂದೇ ಇಟ್ಟ ಕೊಳವೆಯೊಂದಿದೆ. ದುಬಾರಿ ಭಾಗ ಉಳಿಯಲಿ ಎಂದು. ಹೊರಡುವ ಮುನ್ನ ಎರಡು ತರಿಸಿದೆ. ಮಾರಿದವರು ಕಳಿಸಿದ್ದು ಬೇರೆ ಅಳತೆಯದು. ಬದಲಿ ಬರುವಷ್ಟರಲ್ಲಿ ಹನ್ನೊಂದು ದಿನ ಬಂದರಿನ ಬಾಡಿಗೆ ಕಟ್ಟಿದೆವು. ಕೊಳ್ಳುವವರು ಪೊಟ್ಟಣ ಬಿಚ್ಚಿ, ಭಾಗವನ್ನು ಒಮ್ಮೆ ಜೋಡಿಸಿ ನೋಡದೆ ಬಂದರು ಬಿಡಬೇಡಿ.

ನಾಲ್ಕೂವರೆ ನಕ್ಷತ್ರ ಕೊಡುತ್ತಿದ್ದೇನೆ. ಹೆಂಡತಿ ಮೂರೇ ಸಾಕು ಎನ್ನುತ್ತಾಳೆ. ಅವಳು ಮಲಗುವ ಜಾಗ ಹಿಂಬದಿಯಲ್ಲಿ, ರಾಟೆಗಳ ನೇರ ಕೆಳಗೆ. ರಾತ್ರಿಯಿಡೀ ಕಿರ್, ಕಿರ್. ಮುಂದಿನ ಪಯಣಕ್ಕೆ ಜಾಗ ಅದಲುಬದಲು ಮಾಡಿಕೊಳ್ಳುವುದು ಎಂದು ಈಗಾಗಲೇ ತೀರ್ಮಾನವಾಗಿದೆ, ನನ್ನನ್ನು ಕೇಳದೆ.