ಬೆನಿಡಾರ್ಮ್ ಬಿಸಿಲಿಗೆ ನಾಲ್ಕು, ನಾನಿದ್ದ ಹೋಟೆಲಿಗೆ ಎರಡೂವರೆ

ಐದಕ್ಕೆ ಎಷ್ಟು ಅಂತ ಕೇಳಿದರೆ ಊರಿಗೆ ನಾಲ್ಕು, ಹೋಟೆಲಿಗೆ ಎರಡೂವರೆ. ವರ್ಷಗಟ್ಟಲೆ ಭೂಗೋಳದ ಪೇಪರ್ ತಿದ್ದಿದವಳು ನಾನು. ಅರ್ಧ ಅಂಕವನ್ನೂ ಸುಮ್ನೆ ಕೊಡುವ ಅಭ್ಯಾಸವಿಲ್ಲ.

ಮಗಳು ಜರ್ಮನಿಯಲ್ಲಿದ್ದಾಳೆ. ಜನವರಿಯಲ್ಲಿ ಅವಳ ಮನೆಗೆ ಹೋಗಿದ್ದೆ. ಸೂರ್ಯನ ಮುಖ ಕಂಡರೆ ಆ ದಿನ ಹಬ್ಬ. ಮಗಳು-ಅಳಿಯ ಆಫೀಸಿಗೆ ಹೋದ ಮೇಲೆ ಹೀಟರ್ ಪಕ್ಕ ಕೂತು ಕಿಟಕಿ ನೋಡುವುದೇ ನನ್ನ ಕೆಲಸ. ಕೊನೆಗೆ ಅವಳೇ "ಅಮ್ಮಾ, ಸ್ಪೇನ್‌ಗೆ ಹೋಗಿ ಬಾ, ಅಲ್ಲಿ ಬಿಸಿಲಿದೆ" ಅಂತ ವಿಮಾನ, ರೂಮು, ತಿಂಡಿ, ರಾತ್ರಿ ಊಟ ಎಲ್ಲ ಸೇರಿದ ಪ್ಯಾಕೇಜ್ ಬುಕ್ ಮಾಡಿದಳು. ನನ್ನೊಬ್ಬಳಿಗೇ. ಬಳ್ಳಾರಿಗೆ ವಾಪಸ್ ಬಂದಾಗ ಗಾಂಧಿನಗರದ ವಾಕಿಂಗ್ ಗೆಳತಿಯರದು ಒಂದೇ ಪ್ರಶ್ನೆ: "ಏನ್ ಟೀಚರ್ರೇ, ಬಳ್ಳಾರಿಯವ್ರು ರೊಕ್ಕ ಕೊಟ್ಟು ಬಿಸ್ಲು ಕಾಯಿಸ್ಕೊಳ್ಳಾಕ ಹೋಗಿದ್ರೇನ್ರೀ?" ಹೌದ್ರೀ, ಹೋಗಿದ್ದೆ.

ಬೆನಿಡಾರ್ಮ್ ಇರುವುದು ಸ್ಪೇನಿನ ಪೂರ್ವ ಕರಾವಳಿಯ ಅಲಿಕಾಂತೆ ಪ್ರಾಂತ್ಯದಲ್ಲಿ. ಮುಂದೆ ಮೆಡಿಟರೇನಿಯನ್ ಸಮುದ್ರ. ಹಿಂದೆ ಬೆಟ್ಟದ ಸಾಲು, ಅದರಲ್ಲಿ 1,406 ಮೀಟರ್ ಎತ್ತರದ ಪುಚ್ ಕಂಪಾನಾ. ಉತ್ತರದ ಚಳಿಗಾಳಿಯನ್ನು ಈ ಬೆಟ್ಟಗಳೇ ತಡೆಯುತ್ತವೆ. ಜನವರಿ ಮಧ್ಯಾಹ್ನ 16-17 ಡಿಗ್ರಿ ಇರುತ್ತದೆ. ನಮ್ಮೂರಲ್ಲಿ ಅಷ್ಟು ಇಳಿಯುವುದು ಸಂಕ್ರಾಂತಿ ಹೊತ್ತಿನ ನಸುಕಿನಲ್ಲಿ, ಆಗ ನಾವು ಮಫ್ಲರ್ ಹುಡುಕುತ್ತೇವೆ. ಆದರೆ ಅಲ್ಲಿ ಗಾಳಿ ನಿಂತು, ಬಿಸಿಲು ನೇರ ಮೈಮೇಲೆ ಬಿದ್ದರೆ ಸ್ವೆಟರ್ ತೆಗೆಯಬೇಕು ಅನಿಸುತ್ತದೆ. ಮೋಡ ಬಂತೋ, ಮತ್ತೆ ಹಾಕಬೇಕು. ಸೂರ್ಯ ಹುಟ್ಟುವುದೇ ಎಂಟು ಗಂಟೆ ದಾಟಿದ ಮೇಲೆ. ಸಂಜೆ ಆರಕ್ಕೆಲ್ಲ ಮುಳುಗುತ್ತಾನೆ. ಸಮುದ್ರದ ನೀರು 14 ಡಿಗ್ರಿ ಆಸುಪಾಸು, ಈಜುವ ಆಸೆ ಇದ್ದವರು ಆ ತಿಂಗಳು ಹೋಗಬೇಡಿ. ನನಗಂತೂ ಈಜು ಬರುವುದಿಲ್ಲ.

ದೊಡ್ಡ ಬೀಚು ಎರಡಿವೆ, ಲೆವಾಂತೆ ಮತ್ತು ಪೊನಿಯೆಂತೆ. ನಡುವೆ ಹಳೆ ಊರು, ನೀಲಿ ಗುಮ್ಮಟದ ಚರ್ಚು, ಸಮುದ್ರದ ಕಡೆಗೆ ಚಾಚಿಕೊಂಡ ಬಂಡೆಯ ಮೇಲೆ ಬಿಳಿ ಕಟಾಂಜನದ ಕಟ್ಟೆ. ಲೆವಾಂತೆ ಕಡೆ ಇಂಗ್ಲಿಷ್ ಬಾರುಗಳು, ಟಿವಿಯಲ್ಲಿ ಫುಟ್‌ಬಾಲು, ರಾತ್ರಿಯಾದರೆ ಗಲಾಟೆ. ಪೊನಿಯೆಂತೆ ಉದ್ದ ಜಾಸ್ತಿ, ಸದ್ದು ಕಡಿಮೆ. ಅದರ ಪಕ್ಕ ಬಣ್ಣಬಣ್ಣದ ಟೈಲ್ಸ್ ಹಾಕಿದ, ಅಲೆ ಅಲೆಯಾಗಿ ಬಳುಕುವ ನಡೆದಾರಿ ಇದೆ. ನನ್ನ ವಾಕಿಂಗ್ ಅಲ್ಲೇ.

ಒಬ್ಬಳೇ ಹೋದವಳಿಗೆ ಈ ಊರು ಯಾಕೆ ಹಿಡಿಸಿತು ಅಂದರೆ, ಚಳಿಗಾಲದಲ್ಲಿ ಅದು ಮುದುಕರ ಊರು. ನಿವೃತ್ತರಿಗೆ ಸೀಸನ್ ಇಲ್ಲದ ತಿಂಗಳುಗಳಲ್ಲಿ ಕಡಿಮೆ ದರದಲ್ಲಿ ಪ್ರವಾಸ ಮಾಡಿಸುವ ಇಮ್ಸೆರ್ಸೊ ಅನ್ನುವ ಯೋಜನೆ ಸ್ಪೇನ್ ಸರ್ಕಾರದ್ದಿದೆ, 1985ರಿಂದ ನಡೆಯುತ್ತಿದೆ. ಪ್ರವಾಸಿಗಳಿಲ್ಲದೆ ಬಾಗಿಲು ಹಾಕಬೇಕಾದ ಹೋಟೆಲುಗಳೂ ಅದರಿಂದ ನಡೆಯುತ್ತವೆ. ನಮ್ಮಲ್ಲೂ ಯಾರಾದರೂ ಇದನ್ನು ಓದಿ ಕಾಪಿ ಹೊಡೆಯಬಾರದೇ? ಹಾಗಾಗಿ ಬೆಂಚಿನ ಮೇಲೆಲ್ಲ ಅಜ್ಜ-ಅಜ್ಜಿಯರು. ಎಷ್ಟೋ ಜನ ಒಬ್ಬೊಬ್ಬರೇ. "ಒಬ್ರೇ ಬಂದೀರಾ? ಮನೆಯವ್ರು ಎಲ್ಲಿ?" ಅಂತ ಯಾರೂ ಕೇಳುವುದಿಲ್ಲ. ಮೈಸೂರಿಗೆ ಒಬ್ಬಳೇ ಹೋದರೂ ಲಾಡ್ಜಿನ ಕೌಂಟರಿನಲ್ಲಿ ಈ ಪ್ರಶ್ನೆಗೆ ಉತ್ತರ ಕೊಡಬೇಕು ನೋಡಿ.

ಒಂದು ಬೆಳಗ್ಗೆ ಬೆಂಚಿನಲ್ಲಿ ನನ್ನ ಎಡಕ್ಕೆ ತುಪ್ಪಳದ ಕೋಟು ತೊಟ್ಟ ಸ್ಪ್ಯಾನಿಷ್ ಅಜ್ಜಿ, ಕುತ್ತಿಗೆವರೆಗೆ ಗುಂಡಿ ಹಾಕಿದ್ದಾರೆ. ಬಲಕ್ಕೆ ಚಡ್ಡಿಯಲ್ಲಿ, ಬರಿಮೈಯಲ್ಲಿ, ಹುರಿದ ಮೆಣಸಿನಕಾಯಿ ಬಣ್ಣಕ್ಕೆ ತಿರುಗಿದ ಇಂಗ್ಲಿಷ್ ತಾತ. ಅದೇ ಬಿಸಿಲು, ಅದೇ ಬೆಂಚು. ನಡುವೆ ಸೀರೆ, ಸ್ವೆಟರ್, ಸ್ಪೋರ್ಟ್ಸ್ ಶೂನಲ್ಲಿ ನಾನು. ಅಜ್ಜಿ ಚೀಲದಿಂದ ಕಿತ್ತಳೆ ತೆಗೆದರು. ಸಿಪ್ಪೆ ಎಲ್ಲೂ ಕಡಿಯದಂತೆ ಒಂದೇ ಸುರುಳಿಯಾಗಿ ಸುಲಿದು, ಅರ್ಧ ನನ್ನ ಕೈಗಿಟ್ಟರು. ತಾತನ ಕಡೆ ತಿರುಗಿಯೂ ನೋಡಲಿಲ್ಲ. ಆ ಸೀಮೆಯಲ್ಲಿ ಚಳಿಗಾಲವೇ ಕಿತ್ತಳೆ ಕಾಲ, ರುಚಿಯ ಬಗ್ಗೆ ಹೇಳುವುದೇ ಬೇಡ.

ಈಗ ಹೋಟೆಲು. ಹೆಸರು ಬೇಡ. ಲೆವಾಂತೆಯ ಹಿಂದಿನ ಬೀದಿಯಲ್ಲಿದೆ. ರೂಮು ಚೊಕ್ಕಟ, ಲಿಫ್ಟು ಸರಿ, ಬಿಸಿನೀರು ಧಾರಾಳ. ತೊಂದರೆ ಏನೆಂದರೆ, ಸಿಂಗಲ್ ಅಂತ ಜಾಸ್ತಿ ದುಡ್ಡು ತಗೊಂಡು ಉತ್ತರಕ್ಕೆ ಮುಖ ಮಾಡಿದ ರೂಮು ಕೊಟ್ಟರು. ನಾನಿದ್ದಷ್ಟು ದಿನವೂ ಆ ಬಾಲ್ಕನಿಗೆ ಒಂದು ಹನಿ ಬಿಸಿಲು ಬೀಳಲಿಲ್ಲ.

ಇದು ಬರೀ ನನ್ನ ಹಣೆಬರಹ ಅಲ್ಲ, ಲೆಕ್ಕ. ಜನವರಿ ನಡುವಿನ ಮಧ್ಯಾಹ್ನ ಬಳ್ಳಾರಿಯಲ್ಲಿ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಬೆನಿಡಾರ್ಮ್ 38 ಡಿಗ್ರಿ ಅಕ್ಷಾಂಶ ದಾಟಿದ ಊರು, ಅಲ್ಲಿ 30ರ ಹತ್ತಿರ ಅಷ್ಟೇ. ಅಂದರೆ ನೂರು ಮೀಟರ್ ಕಟ್ಟಡದ ನೆರಳು ಉತ್ತರಕ್ಕೆ 170 ಮೀಟರ್ ಉದ್ದ. ಆ ಊರಲ್ಲಿ ಇರುವುದೇ ಎತ್ತರದ ಕಟ್ಟಡಗಳು. 1950ರ ದಶಕದಲ್ಲಿ ಅದು ಮೀನುಗಾರರ ಸಣ್ಣ ಊರು. ಆಗಿನ ಮೇಯರ್ ಪೆದ್ರೊ ಸರಗೋಸಾ ಬೀಚಿನಲ್ಲಿ ಬಿಕಿನಿಗೆ ಅನುಮತಿ ಕೊಟ್ಟು, ಪಾದ್ರಿಗಳ ಸಿಟ್ಟಿಗೆ ಗುರಿಯಾಗಿ, ವೆಸ್ಪಾ ಸ್ಕೂಟರ್ ಹತ್ತಿ ಮ್ಯಾಡ್ರಿಡ್‌ಗೆ ಹೋಗಿ ಸರ್ವಾಧಿಕಾರಿ ಫ್ರಾಂಕೋನನ್ನೇ ಕಂಡು ಬಂದರು ಅಂತ ಕಥೆ ಇದೆ. 1956ರ ನಗರ ಯೋಜನೆಯ ಮೇಲೆ ಬೆಳೆದ ಊರು ಇದು. 2002ರಲ್ಲಿ ತೆರೆದ ಒಂದು ಹೋಟೆಲು 186 ಮೀಟರ್ ಎತ್ತರ ಇದೆ. ಅದರ ಮಧ್ಯಾಹ್ನದ ನೆರಳು 300 ಮೀಟರ್ ಮೀರುತ್ತದೆ, ನೀವೇ ಹಾಕಿ ನೋಡಿ. ಬೀಚಿಗೆ ತೊಂದರೆ ಇಲ್ಲ, ಅದು ಕಟ್ಟಡಗಳ ದಕ್ಷಿಣಕ್ಕಿದೆ. ಹಿಂದಿನ ಬೀದಿಗಳು ಮಾತ್ರ ಮಧ್ಯಾಹ್ನ ಹನ್ನೆರಡಕ್ಕೂ ತಣ್ಣಗೆ ಕೊರೆಯುತ್ತವೆ.

ಆದ್ದರಿಂದ ಬುಕ್ ಮಾಡುವಾಗ "ಸೀ ವ್ಯೂ" ಕೇಳುವುದಕ್ಕಿಂತ ದಕ್ಷಿಣಕ್ಕೆ ಬಾಲ್ಕನಿ ಇದೆಯಾ, ಎದುರಿಗೆ ಇನ್ನೊಂದು ಕಟ್ಟಡ ಇದೆಯಾ ಅಂತ ಕೇಳಿ. ಮನೆ ಕಟ್ಟುವಾಗ ದಕ್ಷಿಣ ಅಂದರೆ ಬೆಚ್ಚಿಬೀಳುವ ನಮ್ಮ ವಾಸ್ತುದವರನ್ನು ಈ ಒಂದು ವಿಷಯಕ್ಕೆ ದೂರ ಇಡಿ.

ರಾತ್ರಿ ಊಟದ ಹಾಲಿನಲ್ಲಿ ಒಬ್ಬರೇ ಬಂದವರಿಗೆ ಅಡುಗೆಮನೆ ಬಾಗಿಲ ಪಕ್ಕದ ಟೇಬಲ್ಲು. ಬಾಗಿಲು ತೆರೆದಾಗಲೆಲ್ಲ ಹುರಿದ ಮೀನಿನ ಹಬೆ ಮುಖಕ್ಕೆ ಹೊಡೆಯುತ್ತದೆ. ಊಟ ಪ್ಯಾಕೇಜಿನಲ್ಲಿದೆ, ನೀರು ಇಲ್ಲ. ಬಾಟಲಿಗೆ ಸಹಿ ಹಾಕಬೇಕು, ಹೊರಡುವ ದಿನ ಬಿಲ್ಲು. ಊಟಕ್ಕೆ ಕೂತವರಿಗೆ ನೀರು ಮಾರುವುದನ್ನು ನನ್ನ ಕೈಲಿ ಒಪ್ಪಲು ಆಗಲಿಲ್ಲ.

ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. ತೋರ್ತಿಯಾ ಅನ್ನುವ ಆಲೂಗಡ್ಡೆ ತಿಂಡಿಯಲ್ಲಿ ಮೊಟ್ಟೆ. ಸಲಾಡ್ ಮೇಲೆ ಟ್ಯೂನಾ ಮೀನು. ತರಕಾರಿ ಸೂಪಿನಲ್ಲಿ ಹ್ಯಾಮ್, ಅಂದರೆ ಹಂದಿಮಾಂಸದ ಚೂರು. "ಮಾಂಸ ಬೇಡ" ಅಂದರೆ ಸಾಲದು. ಮೀನು, ಮೊಟ್ಟೆ, ಹ್ಯಾಮ್ ಅಂತ ಒಂದೊಂದನ್ನೇ ಹೆಸರು ಹಿಡಿದು ಬೇಡ ಅನ್ನಬೇಕು. ಮಗಳು ಸ್ಪ್ಯಾನಿಷ್‌ನಲ್ಲಿ ಬರೆದುಕೊಟ್ಟ ಚೀಟಿ ತೋರಿಸಿದ ಮೇಲೆ ಬಡಿಸುವ ಹುಡುಗಿ ಒಳಗೆ ಹೋಗಿ ಸುಟ್ಟ ದಪ್ಪ ಮೆಣಸಿನಕಾಯಿ, ಬದನೆಕಾಯಿ, ಅನ್ನ ತಂದಿಟ್ಟಳು. ಎರಡೂವರೆಯಲ್ಲಿ ಒಂದು ಅಂಕ ಪೂರ್ತಿ ಅವಳದು. ಉಳಿದ ದಿನ ಖಡಕ್ ರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಚಟ್ನಿ ಕಾಪಾಡಿದವು.

ಹೊರಗೆ ತಿನ್ನುವುದು ಸುಲಭ. ಬೆಳಗ್ಗೆ ಬ್ರೆಡ್ಡಿನ ಮೇಲೆ ಟೊಮೆಟೊ ತುರಿ, ಆಲಿವ್ ಎಣ್ಣೆ, ಉಪ್ಪು. ಎಷ್ಟು ಸಾದಾ ಇದೆಯೋ ಅಷ್ಟೇ ರುಚಿ. ಚುರ್ರೋಸ್ ಅನ್ನುವ ಕರಿದ ತಿಂಡಿಯನ್ನು ಗಟ್ಟಿ ಚಾಕೊಲೇಟಿನಲ್ಲಿ ಅದ್ದಿ ತಿನ್ನುತ್ತಾರೆ. ಮಿರ್ಚಿ ತಿಂದು ಬೆಳೆದ ನಾಲಿಗೆಗೆ ಎರಡರ ಮೇಲೆ ಇಳಿಯಲಿಲ್ಲ. ಇಂಡಿಯನ್ ರೆಸ್ಟೊರೆಂಟುಗಳೂ ಇವೆ. ಎಲ್ಲ ಉತ್ತರದ ಕಡೆಯ ಅಡುಗೆ, ಅದೂ ಇಂಗ್ಲಿಷರ ಬಾಯಿಗೆ ಹೊಂದಿಸಿದ್ದು.

ಬೇಜಾರಾದರೆ ಟ್ರಾಮ್ ಹತ್ತಿ ಪಕ್ಕದ ಅಲ್ತೆಯಾಗೆ ಹೋಗಬಹುದು. ಬಿಳಿ ಮನೆಗಳು, ಏರು ಬೀದಿಗಳು. ಮಂಡಿ ನೋವಿದ್ದವರು ಕೆಳಗೇ ಕೂತು ಕಾಫಿ ಕುಡಿಯಿರಿ. ಬೆನಿಡಾರ್ಮ್ ಬೀಚಿನ ರಸ್ತೆ ಮಾತ್ರ ಪೂರ್ತಿ ಸಪಾಟು. ನಡೆಯಲಾಗದವರಿಗೆ ಬ್ಯಾಟರಿ ಗಾಡಿ ಬಾಡಿಗೆಗೆ ಸಿಗುತ್ತದೆ.

ಶೆಂಗೆನ್ ವೀಸಾ ಒಂದಿದ್ದರೆ ಜರ್ಮನಿ, ಸ್ಪೇನ್ ಎರಡೂ ನಡೆಯುತ್ತದೆ. ಶುಲ್ಕ 2024ರ ಜೂನ್‌ನಿಂದ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ವಿಮೆ ಬೇಕು. ಬರೀ ಈ ಊರಿಗಾಗಿ ಬಳ್ಳಾರಿಯಿಂದ ಹೋಗಿ ಅಂತ ನಾನು ಹೇಳುವುದಿಲ್ಲ. ಯುರೋಪಿನ ಚಳಿಯಲ್ಲಿ ಮಕ್ಕಳ ಮನೆಯಲ್ಲಿ ಕೂತು ಕಿಟಕಿ ನೋಡುತ್ತಿದ್ದರೆ ಖಂಡಿತ ಹೋಗಿ. ಅಲಿಕಾಂತೆ ವಿಮಾನ ನಿಲ್ದಾಣದಿಂದ ನೇರ ಬಸ್ಸಿದೆ, ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಟ್ಯಾಕ್ಸಿ ಬೇಡ.

ವಾಪಸ್ ವಿಮಾನ ಬೆಳಗ್ಗೆ ಬೇಗ ಇದ್ದರೆ ಹಿಂದಿನ ರಾತ್ರಿಯೇ ಹೇಳಿಡಿ, ತಿಂಡಿ ಪೊಟ್ಟಣ ಕಟ್ಟಿಕೊಡುತ್ತಾರೆ. ನಾನು ಹೇಳಿದ್ದೆ, ಚೀಟಿಯನ್ನೂ ತೋರಿಸಿದ್ದೆ. ಬಸ್ಸಿನಲ್ಲಿ ಬಿಚ್ಚಿದರೆ ಒಂದು ಜ್ಯೂಸು, ಒಂದು ಸೇಬು, ಹ್ಯಾಮ್ ಇಟ್ಟ ಬ್ರೆಡ್ಡು. ಸೇಬು ಚೆನ್ನಾಗಿತ್ತು.