ಡ್ರೇನ್ ಬೋಲ್ಟ್‌ನ ಥ್ರೆಡ್ ಹೋದಾಗ: ದಪ್ಪ ಬೋಲ್ಟೇ, ಹೆಲಿಕಾಯಿಲೇ, ಬುಷ್ಷೇ, ಹೊಸ ಪ್ಯಾನೇ?

ಕಾರಿನ ಎಂಜಿನ್ ಆಯಿಲ್ ಬದಲಿಸಿ, ಎಂಜಿನ್ ಕೆಳಗಿನ ಆಯಿಲ್ ಪಾತ್ರೆಯ (ಪ್ಯಾನ್) ಹಳೆಯ ಆಯಿಲ್ ಹೊರಬಿಡುವ ರಂಧ್ರಕ್ಕೆ ಡ್ರೇನ್ ಬೋಲ್ಟ್ ಬಿಗಿಯುವಾಗ ಕೊನೆಯಲ್ಲಿ ಕೈಗೆ ಗಟ್ಟಿತನ ಸಿಗಬೇಕು. ಅದು ಸಿಗದೆ ಬೋಲ್ಟ್ ಸುಮ್ಮನೆ ತಿರುಗುತ್ತಿದ್ದರೆ ಥ್ರೆಡ್ ಹೋಗಿದೆ ಎಂದೇ ಲೆಕ್ಕ. ನನ್ನ ಕಾರಿನಲ್ಲೂ ನೆಂಟರಿಷ್ಟರ ಕಾರುಗಳಲ್ಲೂ ಇದಕ್ಕಿರುವ ಪರಿಹಾರಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಮಾಡಿ ನೋಡಿದ್ದೇನೆ. ಅಂದಿನ ಸೋರಿಕೆಯನ್ನು ಎಲ್ಲವೂ ನಿಲ್ಲಿಸುತ್ತವೆ. ಆದರೆ ಈ ಬೋಲ್ಟ್ ಕಾರಿನ ಆಯುಷ್ಯದುದ್ದಕ್ಕೂ ಮತ್ತೆ ಮತ್ತೆ ಬಿಚ್ಚುವಂಥದ್ದು. ಹಾಗಾಗಿ ಮುಂದಿನ ರಿಪೇರಿಗೆ ಪ್ಯಾನ್‌ನಲ್ಲಿ ಎಷ್ಟು ಲೋಹ ಉಳಿಯುತ್ತದೆ ಎಂಬುದನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಮೊದಲು ಹಾಳಾಗಿರುವುದು ಯಾವುದು ಎಂದು ನೋಡಬೇಕು. ಬೋಲ್ಟ್ ಉಕ್ಕಿನದು, ಇಂದಿನ ಬಹಳಷ್ಟು ಪ್ಯಾನ್‌ಗಳು ಅಲ್ಯೂಮಿನಿಯಂನವು. ಇಬ್ಬರ ಜಗಳದಲ್ಲಿ ಸೋಲುವುದು ಮೆತ್ತಗಿನ ಅಲ್ಯೂಮಿನಿಯಂ. ಬೋಲ್ಟ್‌ನ ಸಂದುಗಳಲ್ಲಿ ಬೆಳ್ಳಗಿನ ಸುರುಳಿ ಸುತ್ತಿಕೊಂಡು ಬಂದಿದ್ದರೆ ಪ್ಯಾನ್‌ನ ಥ್ರೆಡ್ ಕಿತ್ತು ಬಂದಿದೆ. ಬೋಲ್ಟ್ ಮಾತ್ರ ಸವೆದಿದ್ದರೆ ಹೊಸ ಬೋಲ್ಟ್, ಹೊಸ ವಾಷರ್ ಹಾಕಿದರೆ ಸಾಕು. ಮುಂಭಾಗದ ಒಂದೆರಡು ಸುತ್ತು ಮಾತ್ರ ಹೋಗಿ ಒಳಗಿನವು ಗಟ್ಟಿಯಾಗಿದ್ದರೆ ಅದೇ ಅಳತೆಯ ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕಿ ಸ್ವಚ್ಛಗೊಳಿಸಿ, ತುಸು ಉದ್ದನೆಯ ಬೋಲ್ಟ್ ಹಾಕಬಹುದು. ಅದರ ತುದಿ ಒಳಗೆ ಯಾವುದಕ್ಕೂ ತಗುಲಬಾರದು.

ಇದಕ್ಕಿಂತ ಮುಂದೆ ಹೋಗಿದ್ದರೆ ಅಂಗಡಿಯವರು ಮೊದಲು ಕೈಗಿಡುವುದು ತನ್ನ ಥ್ರೆಡ್ ತಾನೇ ಕೊರೆದುಕೊಳ್ಳುವ ದಪ್ಪ ಬೋಲ್ಟ್. ಅಗ್ಗ, ಬೇರೆ ಉಪಕರಣ ಬೇಡ, ಅರ್ಧ ಗಂಟೆಯ ಕೆಲಸ. ಆದರೂ ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾರಿನಡಿ ಮಲಗಿಕೊಂಡು ಸ್ಪ್ಯಾನರ್‌ನಿಂದ ತಿರುಗಿಸುವಾಗ ಬೋಲ್ಟ್ ನೆಟ್ಟಗೆ ಹೋಗುವುದು ಕಷ್ಟ. ಒಂದಿಷ್ಟು ವಾಲಿದರೂ ವಾಷರ್ ಒಂದು ಬದಿಯಲ್ಲಿ ಮಾತ್ರ ಕೂರುತ್ತದೆ, ಹನಿ ನಿಲ್ಲುವುದಿಲ್ಲ. ಹನಿ ನಿಲ್ಲಿಸಲು ಇನ್ನಷ್ಟು ಬಿಗಿದರೆ ಹೊಸದಾಗಿ ಕೊರೆದ ಥ್ರೆಡ್ಡೂ ಹೋಗುತ್ತದೆ. ಅಷ್ಟರಲ್ಲಿ ರಂಧ್ರ ಸೊಟ್ಟಗಾಗಿ ಅಗಲವಾಗಿರುತ್ತದೆ, ಸರಿಯಾದ ರಿಪೇರಿಗೆ ಬೇಕಾದ ಲೋಹ ಹೊಟ್ಟಾಗಿ ಪ್ಯಾನ್‌ನೊಳಗೆ ಬಿದ್ದಿರುತ್ತದೆ. ದಪ್ಪ ಬೋಲ್ಟ್ ಒಳಗೇ ಉಳಿದು, ಅದರ ನಡುವಿನ ಚಿಕ್ಕ ಬೋಲ್ಟನ್ನು ಮಾತ್ರ ಬಿಚ್ಚುವ ಜೋಡಿ ಬೋಲ್ಟ್ ಇದಕ್ಕಿಂತ ಮೇಲು, ಆದರೆ ನಡುವಿನ ರಂಧ್ರ ಸಣ್ಣದಾದ್ದರಿಂದ ಆಯಿಲ್ ಇಳಿಯಲು ತುಂಬ ಹೊತ್ತು ಹಿಡಿಯುತ್ತದೆ. ರಬ್ಬರ್ ಬಿರಡೆ ಕಾರನ್ನು ರಿಪೇರಿಯ ಜಾಗಕ್ಕೆ ತಲುಪಿಸಲಷ್ಟೇ ಸರಿ.

ಗಂಭೀರ ಪೈಪೋಟಿ ಇರುವುದು ಹೆಲಿಕಾಯಿಲ್‌ಗೂ ಗಟ್ಟಿ ಬುಷ್‌ಗೂ. ಎರಡಕ್ಕೂ ಹಳೆಯ ರಂಧ್ರವನ್ನು ನೆಟ್ಟಗೆ ಅಗಲಿಸಿ, ಅದರದೇ ಟ್ಯಾಪ್ ಹೊಡೆಯಬೇಕು. ಮೂಲ ಅಳತೆಯ ಬೋಲ್ಟೇ ಮತ್ತೆ ಬಳಕೆಗೆ ಬರುತ್ತದೆ. ಹೆಲಿಕಾಯಿಲ್ ಎಂದರೆ ಸ್ಟೇನ್‌ಲೆಸ್ ಉಕ್ಕಿನ ತಂತಿಯ ಸುರುಳಿ. ಬಿಗಿತಕ್ಕೆ ಅದು ಮೂಲ ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿ. ಸದಾ ಬಿಗಿದೇ ಇರುವ ಬೋಲ್ಟ್‌ಗೆ ಅದನ್ನು ಕಣ್ಣುಮುಚ್ಚಿ ಒಪ್ಪುತ್ತೇನೆ. ಡ್ರೇನ್ ಬೋಲ್ಟ್ ಹಾಗಲ್ಲ. ಬಿಚ್ಚುವಾಗ ಒಮ್ಮೊಮ್ಮೆ ಸುರುಳಿಯೇ ಬೋಲ್ಟ್ ಜೊತೆ ಹೊರಬರುತ್ತದೆ. ಸಂಬಂಧಿಯೊಬ್ಬರ ಕಾರಿನಲ್ಲಿ ಹೀಗೇ ಆಯಿತು. ಕೂರಿಸಲೆಂದು ಸುರುಳಿಯ ತುದಿಯಲ್ಲಿರುವ ಅಡ್ಡ ತುಂಡನ್ನು ಕೊನೆಗೆ ಮುರಿದು ತೆಗೆಯಬೇಕು. ಅದು ಪ್ಯಾನ್‌ನೊಳಗೆ ಬಿದ್ದರೆ ಹುಡುಕಾಟ ಶುರು.

ಟೈಮ್‌ಸರ್ಟ್ ಮಾದರಿಯ ಬುಷ್ ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಕೊಳವೆ. ಮೇಲಂಚಿನಲ್ಲಿ ಪುಟ್ಟ ಅಂಚುಪಟ್ಟಿ ಇರುತ್ತದೆ. ಕೂರಿಸುವ ಉಪಕರಣ ಒಳಗಿನ ಕೊನೆಯ ಸುತ್ತುಗಳನ್ನು ಹಿಗ್ಗಿಸಿ ಪ್ಯಾನ್‌ಗೆ ಕಚ್ಚಿಸುತ್ತದೆ, ಆಮೇಲೆ ಬೋಲ್ಟ್ ಬಿಚ್ಚಿದರೂ ಬುಷ್ ಅಲುಗುವುದಿಲ್ಲ. ಅಂಚುಪಟ್ಟಿ ಪ್ಯಾನ್‌ನ ಮೇಲ್ಮೈಗೆ ಸಮವಾಗಿ ಕೂರಬೇಕು. ಉಬ್ಬಿದರೆ ವಾಷರ್ ಪ್ಯಾನ್‌ಗೆ ತಾಗದೆ ಹನಿಯುತ್ತದೆ. ಕಿಟ್‌ನ ಬೆಲೆ ನಿಜಕ್ಕೂ ಜಾಸ್ತಿ. ಆದರೂ ಇವೆರಡರ ನಡುವೆ ಅಲ್ಯೂಮಿನಿಯಂ ಪ್ಯಾನ್‌ಗೆ ನನ್ನ ಆಯ್ಕೆ ಇದೇ, ಎರಡನೆಯ ಯೋಚನೆಯೇ ಇಲ್ಲ. ಎರಡರಲ್ಲಿ ಯಾವುದೇ ಆಗಲಿ, ಡ್ರಿಲ್‌ಗೂ ಟ್ಯಾಪ್‌ಗೂ ದಪ್ಪಗೆ ಗ್ರೀಸ್ ಮೆತ್ತಿ, ಸ್ವಲ್ಪ ಸ್ವಲ್ಪ ಕೊರೆದು ಹೊರತೆಗೆದು ಒರೆಸುತ್ತಿರಬೇಕು. ಕೊನೆಗೆ ಮೇಲಿನಿಂದ ಒಂದಿಷ್ಟು ಆಯಿಲ್ ಸುರಿದು ಚೂರುಗಳು ಹರಿದುಹೋಗಲು ಬಿಡಬೇಕು. ಫಿಲ್ಟರ್ ಇರುವುದು ಆಯಿಲ್ ಪಂಪ್‌ನ ನಂತರ, ಅದಕ್ಕಿಂತ ಮುಂಚೆ ಇರುವುದು ಬರೀ ಜಾಲರಿ. ಸಣ್ಣ ಹೊಟ್ಟು ಜಾಲರಿ ದಾಟಿ ಪಂಪ್‌ಗೇ ಹೋಗುತ್ತದೆ.

ಹೊಸ ಪ್ಯಾನ್ ಅತ್ಯಂತ ಶುದ್ಧ ಪರಿಹಾರ, ಚೂರಿನ ಭಯವಿಲ್ಲ. ಪ್ಯಾನ್ ಹಿಡಿದಿರುವ ಬೋಲ್ಟ್‌ಗಳು ಕೈಗೆಟುಕುವಂತಿದ್ದರೆ ಅದನ್ನೇ ಮಾಡಿ. ಕೆಲವು ಕಾರುಗಳಲ್ಲಿ ಎಕ್ಸಾಸ್ಟ್ ಪೈಪ್ ಅಥವಾ ಎಂಜಿನ್ ಕೆಳಗಿನ ಚೌಕಟ್ಟು ಇಳಿಸದೆ ಪ್ಯಾನ್ ಹೊರಬರುವುದಿಲ್ಲ, ಅಲ್ಲಿ ಬುಷ್ ಗೆಲ್ಲುತ್ತದೆ. ಉಕ್ಕಿನ ತಗಡಿನ ಪ್ಯಾನ್‌ನಲ್ಲಿ ಒಳಗೆ ಬೆಸೆದ ನಟ್ ಇರುತ್ತದೆ. ಅಂಥ ಪ್ಯಾನ್ ಸಾಮಾನ್ಯವಾಗಿ ಅಗ್ಗವೂ ಹೌದು, ನೇರವಾಗಿ ಬದಲಿಸುತ್ತೇನೆ.

ರಿಪೇರಿಯಾದ ಥ್ರೆಡ್ ಉಳಿಯುವುದು ಬಿಗಿಯುವ ಕೈಯಿಂದ. ಸಾಮಾನ್ಯ ಕಾರುಗಳ 12 ಅಥವಾ 14 ಮಿಲಿಮೀಟರ್ ಬೋಲ್ಟ್‌ಗೆ ಕೇಳುವ ಬಿಗಿತ ಬಹುಪಾಲು 25ರಿಂದ 40 ನ್ಯೂಟನ್ ಮೀಟರ್. ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ. 20 ಸೆಂಟಿಮೀಟರ್ ಹಿಡಿಯ ಸ್ಪ್ಯಾನರನ್ನು ಸುಮಾರು 20 ಕಿಲೋ ಬಲದಿಂದ ಎಳೆದರೆ 40 ಮುಟ್ಟುತ್ತದೆ. ಮೈಭಾರ ಹಾಕಿದರೆ ಅದರ ಎರಡರಷ್ಟು ದಾಟುವುದು ಸುಲಭ, ಬಡಿದು ಬಡಿದು ಬಿಗಿಯುವ ಇಂಪ್ಯಾಕ್ಟ್ ಗನ್ ಹಿಡಿದರೆ ಕೇಳುವುದೇ ಬೇಡ. ಹೀಗೆ ಅತಿಯಾಗಿ ಬಿಗಿಯಲು ಎಷ್ಟೋ ಸಲ ಕಾರಣ ಹಳೆಯ ವಾಷರ್: ಒಮ್ಮೆ ಜಜ್ಜಿಹೋದದ್ದು ಮತ್ತೆ ಸರಿಯಾಗಿ ಕೂರದೆ ಹನಿಯುತ್ತದೆ, ಹನಿ ಕಂಡವರು ಇನ್ನೊಂದು ಸುತ್ತು ಎಳೆಯುತ್ತಾರೆ. ಪ್ರತಿ ಸಲ ಹೊಸ ವಾಷರ್ ಹಾಕಿ, ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಕೊನೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿಯಿರಿ.

ಆಯಿಲ್ ಮಟ್ಟ ನೋಡುವ ಕಡ್ಡಿಯ (ಡಿಪ್‌ಸ್ಟಿಕ್) ಕೊಳವೆಯಿಂದ ಆಯಿಲ್ ಹೀರಿ ತೆಗೆಯುವ ಪಂಪನ್ನೂ ಬಳಸಿದ್ದೇನೆ. ಬೋಲ್ಟ್ ಮುಟ್ಟುವುದೇ ಇಲ್ಲ, ಕೈ ಕೊಳೆಯಾಗುವುದಿಲ್ಲ. ಕೊಳವೆ ಪ್ಯಾನ್‌ನ ತಳ ತಲುಪುವ ಕಾರುಗಳಲ್ಲಿ ಕೆಲಸ ಚೆನ್ನಾಗಿಯೇ ಆಗುತ್ತದೆ. ತಲುಪದಿದ್ದರೆ ತಳದ ಗಸಿ ಅಲ್ಲೇ ಉಳಿಯುತ್ತದೆ. ಥ್ರೆಡ್ ದುರ್ಬಲವಾಗಿದ್ದರೂ ಇನ್ನೂ ಸೋರದ ಕಾರಿಗೆ, ಪ್ಯಾನ್ ಬದಲಿಸಲು ಬಿಡುವು ಸಿಗುವವರೆಗೆ, ನಾನು ಈ ಪಂಪನ್ನೇ ಬಳಸುತ್ತೇನೆ.